ಹಲ್ಲು ನಂಬಿ ಮೂವತ್ತು ವರ್ಷ

ಕೆಲಸದ ಕೊನೆಯ ದಿನ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತು, ಏನೇನು ಎಡವಟ್ಟಾಗಬಹುದು ಎಂದು ಯೋಚಿಸುತ್ತ ಹೋದೆ. ಬಸ್ಸು ತೆಕ್ಕಲಕೋಟೆಯ ಹತ್ತಿರ ಪಂಕ್ಚರ್ ಆಗಬಹುದು. ಆಗದಿದ್ದರೆ ಸರಿಯಾದ ಹೊತ್ತಿಗೆ ಮುಟ್ಟಿ ಇಡೀ ದಿನವನ್ನು ಅನುಭವಿಸಬೇಕಾಗಬಹುದು. ನನ್ನ ಜಾಗಕ್ಕೆ ಬರಲಿರುವ ಈರಮ್ಮನಿಗೆ ಅವತ್ತೇ ಜ್ವರ ಬರಬಹುದು. ಬಾರದಿದ್ದರೂ, ಕಸ ಹೊಡೆಯುವಾಕೆ ನಮ್ಮ ಭತ್ತಕ್ಕೆ ಹೆಸರಿಡುವುದೇನು ಎಂದು ಟ್ರ್ಯಾಕ್ಟರಿನವರು ಜಗಳಕ್ಕೆ ನಿಲ್ಲಬಹುದು. ಆಕೆ ಅವರಿಗೆ ಹೆದರಿ ಹಸಿ ಭತ್ತವನ್ನೆಲ್ಲ ಒಳಗೆ ಬಿಡಬಹುದು. ಹೆದರದೆ ಯಾರಿಗಾದರೂ ಕಸಬರಿಗೆ ತೋರಿಸಬಹುದು. ಮಿಲ್ಲಿನ ಸಾಹುಕಾರರು ಮನಸ್ಸು ಬದಲಿಸಿ ಇನ್ನೊಂದು ಸುಗ್ಗಿ ಇರಿ ಎನ್ನಬಹುದು, ನಾನು ನಾಚಿಕೆಯಿಲ್ಲದೆ ಹೂಂ ಎನ್ನಬಹುದು. ಅಥವಾ ಅವರು ಹಾರ ಹಾಕಿ ನಾಲ್ಕು ಮಾತಾಡಿ ಎನ್ನಬಹುದು. ಮಾತಾಡುವಾಗ ನನ್ನ ಕಟ್ಟಿಸಿದ ಹಲ್ಲಿನ ಪಟ್ಟಿ ಜಾರಿ ಸೋನಾ ಮಸೂರಿ ರಾಶಿಯೊಳಗೆ ಬೀಳಬಹುದು. ಅದು ಗಿರಣಿಯೊಳಗೆ ಹೋಗಿ, ಚೀಲ ಸೇರಿ, ಯಾವುದೋ ಊರಿನ ಮದುವೆಯ ಎಲೆಯ ಮೇಲೆ ಪ್ರತ್ಯಕ್ಷವಾಗಬಹುದು.

ಇವುಗಳಲ್ಲಿ ಹೆಚ್ಚಿನವು ಆಗಲೇ ಇಲ್ಲ. ಆದದ್ದು ಬೇರೆಯೇ. ಅದು ಅರ್ಥವಾಗಬೇಕಾದರೆ ನಾನು ಮಾಡುತ್ತಿದ್ದ ಕೆಲಸ ಎಂಥದೆಂದು ಮೊದಲು ಹೇಳಬೇಕು.

ನಾನು ಭತ್ತ ಕಚ್ಚುತ್ತಿದ್ದೆ. ಸಂಬಳದ ಪಟ್ಟಿಯಲ್ಲಿ ಇದಕ್ಕೆ ಬೇರೆ ದೊಡ್ಡ ಹೆಸರಿತ್ತು, ಅದನ್ನು ಬಿಡಿ. ಸಿರುಗುಪ್ಪದ ಒಂದು ರೈಸ್‌ಮಿಲ್ಲಿನ ಗೇಟಿನಲ್ಲಿ ಮೂವತ್ತು ವರ್ಷ ಕೂತು, ಬಂದ ಲೋಡಿನಲ್ಲಿ ಅಲ್ಲೊಂದು ಇಲ್ಲೊಂದು ಚೀಲ ಚುಚ್ಚಿ ನಾಲ್ಕು ಕಾಳು ತೆಗೆದು, ಮುಂದಿನ ಹಲ್ಲಿನಲ್ಲಿಟ್ಟು ಕಚ್ಚಿ, ಒಣಗಿದೆಯೋ ಇಲ್ಲವೋ ಎಂದು ಹೇಳುವುದು. ಒಣಗಿದ ಕಾಳು ‘ಕಟಕ್’ ಎಂದು ಮುರಿಯುತ್ತದೆ. ಹಸಿ ಕಾಳು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಹಸಿಯದನ್ನು ಒಳಗೆ ಬಿಟ್ಟರೆ ಪೇರಿಸಿಟ್ಟ ಚೀಲಗಳ ನಿಟ್ಟಿನಲ್ಲಿ ಕಾವು ಹಿಡಿದು ಅಕ್ಕಿ ಹಳದಿಯಾಗುತ್ತದೆ. ಒಣಗಿದ್ದನ್ನು ಹಸಿ ಎಂದು ಹಿಂದಕ್ಕೆ ಕಳಿಸಿದರೆ, ರೈತ ಮತ್ತೆ ಬಿಸಿಲಿಗೆ ಹರವುತ್ತಾನೆ, ಕಾಳು ಅತಿಯಾಗಿ ಒಣಗಿ ಗಿರಣಿಯಲ್ಲಿ ನುಚ್ಚಾಗುತ್ತದೆ. ಎರಡರ ನಡುವೆ ಇರುವುದು ಒಂದು ಸದ್ದಿನಷ್ಟು ಅಂತರ. ಹುಟ್ಟಾ ಅಂಜುಬುರುಕನಿಗೆ ಇಂಥ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಬಿಟ್ಟ ಲೋಡನ್ನು ಮಧ್ಯಾಹ್ನ ಊಟ ಬಿಟ್ಟು ಹೋಗಿ ಮತ್ತೆ ಮುಟ್ಟಿ ನೋಡಿ ಬರುತ್ತಿದ್ದೆ. ಹಮಾಲರು ನನ್ನನ್ನು ಕಂಡರೆ, ಆಚಾರ್ರು ಭತ್ತಕ್ಕ ಜ್ವರ ನೋಡಾಕ ಬಂದರು ಎನ್ನುತ್ತಿದ್ದರು.

ಕೆಲಸ ಕಲಿಸಿದವರು ಕುರುಗೋಡಿನ ವೀರಭದ್ರಪ್ಪನವರು. ಸಿರುಗುಪ್ಪದಲ್ಲಿ ಒಂದು ಖೋಲಿ ಮಾಡಿಕೊಂಡಿದ್ದರು, ಶನಿವಾರ ಊರಿಗೆ ಹೋಗುತ್ತಿದ್ದರು. ಅಡಿಕೆ ಮುಟ್ಟುತ್ತಿರಲಿಲ್ಲ, ಬಿಸಿ ಚಹಾ ಆರಿಸಿ ಕುಡಿಯುತ್ತಿದ್ದರು. ಗಾಯಕರು ಕಂಠ ಕಾಯ್ದಂತೆ ಅವರು ಹಲ್ಲು ಕಾಯ್ದರು. ಮೊದಲು ಕಣ್ಣು, ಆಮೇಲೆ ಅಂಗೈ, ಕಡೆಗೆ ಹಲ್ಲು ಎಂಬುದು ಅವರ ಪಾಠ. ‘ಮ್ಯಾಲಿನ ಚೀಲ ನೋಡಬ್ಯಾಡಲೇ ಗುರ್ಯಾ, ಅದನ್ನ ನಿನ್ನ ಸಲುವಾಗೇ ಒಣಗಿಸಿರ್ತಾರ. ನಡುವಿನ ಚೀಲ ಕೇಳು’ ಎನ್ನುತ್ತಿದ್ದರು.

ಮೊದಲ ವಾರ ನಾನು ಮಾಡಿದ ತಪ್ಪನ್ನು ಹೊಸಬರು ಮಾಡದಿರಲಿ ಎಂದು ಬರೆಯುತ್ತಿದ್ದೇನೆ. ಬೆಳೆದವನ ಎದುರೇ ಅವನ ಕಾಳನ್ನು ಥೂ ಎಂದು ಉಗುಳುವುದು ಅಗೌರವ ಎಂದು ನನಗನ್ನಿಸಿತ್ತು. ಹಾಗಾಗಿ ನುಂಗುತ್ತಿದ್ದೆ. ಹೊಟ್ಟು ಸಮೇತ, ಬೆಳಗಿನಿಂದ ಮಧ್ಯಾಹ್ನದವರೆಗೆ. ನಾಲ್ಕನೆಯ ದಿನ ಹೊಟ್ಟೆ ಹಿಡಿದುಕೊಂಡು ಚೀಲಗಳ ಮೇಲೆ ಮಲಗಿದವನನ್ನು ವೀರಭದ್ರಪ್ಪನವರು ವಿಚಾರಿಸಿದರು. ವಿಷಯ ತಿಳಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ‘ನಿನ್ನ ಹೊಟ್ಟಿಯೊಳಗ ಇನ್ನೊಂದು ಗಿರಣಿ ಹಚ್ಚೀಯೇನಲೇ?’ ಎಂದರು. ಆಮೇಲೆ ಉಗುಳುವುದನ್ನೂ ಕಲಿಸಿದರು: ಮುಖ ತಿರುಗಿಸಿ, ಗಾಳಿ ನೋಡಿ, ಧಣಿಗಳ ಚಪ್ಪಲಿ ನೋಡಿ.

ಅವರಿಂದ ಕಲಿಯದೇ ಹೋದ ಪಾಠ ಒಂದಿದೆ. ಅರವತ್ತು ದಾಟಿದ ಮೇಲೆ ಅವರ ಹಲ್ಲು ಒಂದೊಂದಾಗಿ ಹೋದವು. ಕಿವಿಯೂ ಮಂದವಾಯಿತು. ಆದರೂ ಗೇಟು ಬಿಡಲಿಲ್ಲ. ದವಡೆಯಲ್ಲಿ ಕಾಳು ಹೊರಳಿಸಿ ಹೂಂ ಎನ್ನುತ್ತಿದ್ದರು. ಒಂದು ದಿನ ಮೂರು ಟ್ರಾಲಿ ಭತ್ತಕ್ಕೆ ಹೂಂ ಎಂದರು. ಪಕ್ಕದಲ್ಲಿ ನಾನೂ ಕಚ್ಚಿದ್ದೆ, ಕಾಳು ಬೆಣ್ಣೆಯಂತೆ ಚಪ್ಪಟೆಯಾಗಿತ್ತು. ಗುರುಗಳ ಮಾತಿನ ಮೇಲೆ ಮಾತೇನು ಎಂದು ಸುಮ್ಮನಿದ್ದೆ. ಹತ್ತು ದಿನಕ್ಕೆ ಆ ನಿಟ್ಟಿನೊಳಗೆ ಕೈಯಿಟ್ಟರೆ ಆಗತಾನೇ ಬಸಿದ ಅನ್ನದಂತೆ ಸುಡುತ್ತಿತ್ತು. ಅಕ್ಕಿ ಅರಿಸಿನ ಕಲೆಸಿದಂತೆ ಬಂತು. ಸಾಹುಕಾರರು ಅವರಿಗೆ ಒಂದು ಮಾತೂ ಅನ್ನಲಿಲ್ಲ. ಮರುದಿನದಿಂದ ಅವರು ಬರಲಿಲ್ಲ, ಅಷ್ಟೇ.

ತಿಂಗಳಾದ ಮೇಲೆ ಕುರುಗೋಡಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತು ಮಂಡಾಳು, ಅದೇ ಚುರುಮುರಿ, ತಿನ್ನುತ್ತಿದ್ದರು, ಮೆತ್ತಗಾಗಲೆಂದು ಚಹಾದಲ್ಲಿ ನೆನೆಸಿಕೊಂಡು. ನನಗೂ ಒಂದು ಪ್ಲೇಟು ಹೇಳಿದರು. ತಿಂದಾದ ಮೇಲೆ ಕೇಳಿದರು:

‘ಅವತ್ತು ನೀ ಪಕ್ಕದಾಗ ನಿಂತಿದ್ದೆಲ್ಲೋ ಗುರ್ಯಾ. ನಿನ್ನ ಹಲ್ಲಿಗೆ ತಿಳಿದಿರಲಿಲ್ಲೇನು?’

‘ತಿಳಿದಿತ್ರಿ.’

‘ಮತ್ಯಾಕ ಸುಮ್ನಿದ್ದಿ?’

‘ನಿಮ್ಮ ಮಾತಿನ ಮ್ಯಾಲ ಮಾತು ಹೆಂಗ್ರಿ ಆಡೋದು?’ ಎಂದೆ. ‘ಮರ್ಯಾದಿ ಮಾಡಿದಿ, ಚಲೋ ಮಾಡಿದಿ. ಈಗ ಮರ್ಯಾದಿ ಉಂಡಕೊಂಡು ಇಲ್ಲಿ ಕುಂತೀನಿ ನೋಡು’ ಎಂದು ನಕ್ಕರು. ಬಸ್ಸಿನಲ್ಲಿ ಬರುತ್ತ ಒಂದು ಪ್ರತಿಜ್ಞೆ ಮಾಡಿದೆ: ನನ್ನ ಹಲ್ಲು ಹೋದ ದಿನ ನಾನೇ ಎದ್ದುಹೋಗುತ್ತೇನೆ. ಪ್ರತಿಜ್ಞೆ ಮಾಡುವಾಗ ಮೂವತ್ತೆರಡೂ ಗಟ್ಟಿಯಾಗಿದ್ದವು.

ಇನ್ನು ಏಕಾದಶಿಯ ಕಥೆ. ನಮ್ಮದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ವೈಷ್ಣವರ ಮನೆ. ಕಂಡವರ ಚೀಲದ ಕಾಳು ಬಾಯಿಗಿಡುವ ಕೆಲಸ ನಮ್ಮ ತಾಯಿಗೆ ಮೊದಲಿಂದಲೂ ಸೇರಲಿಲ್ಲ. ಸಂಜೆ ಬಂದವನು ಹನ್ನೆರಡು ಸಲ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕಿತ್ತು. ಅದು ಹೇಗೋ ನಡೆಯಿತು. ಆದರೆ ತಿಂಗಳಿಗೆರಡು ಏಕಾದಶಿ. ಅವತ್ತು ಧಾನ್ಯ ಬಾಯಿಗೆ ಹೋಗಕೂಡದು. ಕಚ್ಚಿ ಉಗುಳಿದರೆ ತಿಂದಂತಲ್ಲ ಎಂದು ನಾನು ವಾದಿಸಿದೆ. ‘ಹಂಗಾರ ಉಪವಾಸದ ದಿನ ನಾ ಅನ್ನ ಅಗದು ಉಗುಳತೀನಿ, ನಡೀತದೇನು?’ ಎಂದು ತಾಯಿ ಕೇಳಿದರು. ವಾದ ಅಲ್ಲಿಗೆ ಮುಗಿಯಿತು.

ಹಾಗಾಗಿ ಏಕಾದಶಿಯ ದಿನ ಅಂಗೈಯಲ್ಲಿ ಉಜ್ಜಿ ನೋಡಿಯೇ ಹೇಳುತ್ತಿದ್ದೆ. ಅನುಮಾನ ಬಂದರೆ ಪಾಪ ಇರಲಿ ಎಂದು ಒಳಗೆ ಬಿಡುತ್ತಿದ್ದೆ. ಇದು ನನಗೂ ದೇವರಿಗೂ ಮಾತ್ರ ಗೊತ್ತಿರುವ ಸಂಗತಿ ಎಂದುಕೊಂಡಿದ್ದೆ. ಊರೂರಿನ ಗದ್ದೆಗಳಲ್ಲಿ ಭತ್ತ ಹಿಡಿದು ಮಿಲ್ಲುಗಳಿಗೆ ಹಾಕುವ ಕೊಳಗಲ್ಲಿನ ವ್ಯಾಪಾರಿಯೊಬ್ಬನಿಗೂ ಗೊತ್ತಿತ್ತು. ಅವನು ಮನೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಹಸಿ ಭತ್ತವನ್ನೆಲ್ಲ ಹಿಡಿದಿಟ್ಟುಕೊಂಡು, ಸರಿಯಾಗಿ ಏಕಾದಶಿಗೆ ಟ್ರ್ಯಾಕ್ಟರ್ ತರುತ್ತಿದ್ದ. ನನಗಿಂತ ನಿಷ್ಠೆಯಿಂದ ಏಕಾದಶಿ ಆಚರಿಸುತ್ತಿದ್ದವನು ಅವನೇ.

ಅವನಿಗೆ ತಿಳಿಯದ ಒಂದು ಸೂಕ್ಷ್ಮವಿತ್ತು. ಕೆಲವು ಸಲ ಗೋಡೆ ಕ್ಯಾಲೆಂಡರಿನ ಏಕಾದಶಿ ಒಂದು ದಿನ, ನಮ್ಮ ಮಠದ ಪಂಚಾಂಗದ್ದು ಮರುದಿನ. ಅಂಥ ಒಂದು ದಿನ ಅವನ ಟ್ರ್ಯಾಕ್ಟರ್ ಬಂತು. ನಾನು ನಡುವಿನ ಚೀಲ ಚುಚ್ಚಿ ಕಾಳು ತೆಗೆದು ಬಾಯಿಗಿಟ್ಟೆ. ಅವನ ಮುಖ ಇಳಿದುಹೋಯಿತು.

‘ಆಚಾರ್ರ, ಏನ್ ಮಾಡಾಕತ್ತೀರಿ? ಇವತ್ತು ಏಕಾದಶಿ ಐತ್ರಿ, ನೀವು ಕಚ್ಚಂಗಿಲ್ಲ.’

‘ನಮ್ಮದು ನಾಳೆ ಅದ’ ಎಂದು ಮುಖ ತಿರುಗಿಸಿ ಉಗುಳಿದೆ.

ಗೇಟಿಗೆ ಗೇಟೇ ನಕ್ಕಿತು. ಹಮಾಲರು ಅವನ ಹೆಗಲ ಮೇಲೆ ಕೈಹಾಕಿ, ಪಂಚಾಂಗ ಬದಲಿಸಾಕ ಹೇಳ್ತೀವಿ ಬಿಡೋ ಎಂದು ಸಮಾಧಾನ ಮಾಡಿದರು. ನಾನು ಮಾತ್ರ ನಗಲಿಲ್ಲ. ಅಲ್ಲಿಯವರೆಗಿನ ಏಕಾದಶಿಗಳಲ್ಲಿ ಎಷ್ಟು ಹಸಿ ಲೋಡು ಒಳಗೆ ಬಿಟ್ಟಿರಬಹುದು ಎಂದು ಬೆರಳು ಮಡಚುತ್ತಿದ್ದೆ. ಆಗ ಕಸಬರಿಗೆ ಹಿಡಿದು ನಿಂತಿದ್ದ ಈರಮ್ಮ ಎಂದಳು: ‘ಆ ದಿನ ನಾ ಕಚ್ಚತೀನ್ ಬಿಡ್ರಿ. ನಂಗ್ಯಾವ ಏಕಾದಶಿ?’

ಈರಮ್ಮ ಗೇಟಿನ ಬಳಿ ಚೆಲ್ಲಿದ ಕಾಳು ಗುಡಿಸಿ, ಕೇರಿ, ಮತ್ತೆ ಚೀಲಕ್ಕೆ ತುಂಬುವಾಕೆ. ಅಂದಿನಿಂದ ತಿಂಗಳಿಗೆರಡು ದಿನ ಆಕೆ ಕಚ್ಚುವುದು, ನಾನು ಪಕ್ಕದಲ್ಲಿ ನಿಂತು ಸದ್ದು ಕೇಳಿ ತೀರ್ಪು ಕೊಡುವುದು. ಹೆಣ್ಣುಮಗಳು, ಮೆತ್ತಗಿರ್ತಾಳೆ ಎಂದು ಲೆಕ್ಕ ಹಾಕಿ ಬಂದವರು ಬಹಳ ಪೆಟ್ಟು ತಿಂದರು. ಆಕೆಯ ಹಲ್ಲು ನನ್ನದಕ್ಕಿಂತ ಚುರುಕು. ನಾನು ಒಣಗಿದೆ, ಹಸಿಯಿದೆ ಎಂದು ಎರಡೇ ಮಾತು ಬಲ್ಲವನು. ಆಕೆ ಇದು ರಸ್ತೆ ಮೇಲೆ ಒಣಗಿಸಿದ್ದು, ಇದು ತಾಡಪತ್ರಿ ಮೇಲೆ ಒಣಗಿಸಿದ್ದು, ಇದು ಮೊನ್ನೆ ರಾಶಿಯೊಳಗೆ ಬೆವತಿದ್ದು ಎಂದೆಲ್ಲ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ, ನನಗೂ ಗೊತ್ತು ಎಂಬಂತೆ.

ಕಾಲ ಬದಲಾಯಿತು. ಮುಂಚೆ ಕುಡುಗೋಲಿನಲ್ಲಿ ಕೊಯ್ದು, ಹೊಲದಲ್ಲೇ ಒಣಗಿಸಿ, ಬಡಿದು ತರುತ್ತಿದ್ದರು. ಈಗ ಕಟಾವು ಯಂತ್ರ ಬೆಳಿಗ್ಗೆ ಗದ್ದೆಗಿಳಿದರೆ ಮಧ್ಯಾಹ್ನಕ್ಕೆ ಭತ್ತ ಗೇಟಿನಲ್ಲಿ, ಇನ್ನೂ ಇಬ್ಬನಿ ಆರಿರುವುದಿಲ್ಲ. ತೇವಾಂಶದ ಮೀಟರ್ ಬಂತು. ಅದು ಬಂದ ದಿನ, ಇನ್ನು ನನ್ನನ್ನು ಮನೆಗೆ ಕಳಿಸುತ್ತಾರೆ ಎಂದು ಹೆದರಿ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ತಿಳಿಯಿತು: ಮೀಟರ್ ತನ್ನೊಳಗೆ ಹಾಕಿದ ಒಂದು ಹಿಡಿ ಭತ್ತದ ಮಾತು ಮಾತ್ರ ಹೇಳುತ್ತದೆ. ನೂರು ಚೀಲದಲ್ಲಿ ಯಾವ ಚೀಲದ ಹಿಡಿ ಹಾಕಬೇಕು ಎಂದು ಅದಕ್ಕೆ ಗೊತ್ತಿಲ್ಲ. ಹಲ್ಲು ಹತ್ತು ಚೀಲ ಓಡಾಡಿ ಇಲ್ಲಿ ನೋಡು ಎನ್ನುತ್ತದೆ, ಮೀಟರ್ ಅಲ್ಲಿ ಅಂಕಿ ಹೇಳುತ್ತದೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೀಟರನ್ನು ಕೊರಳಿಗೆ ಹಾಕಿಕೊಂಡರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಹೀಗೆಲ್ಲ ಹೇಳಿಕೊಂಡು ಓಡಾಡುತ್ತಿರುವಾಗಲೇ ಹಲ್ಲು ಕೈಕೊಟ್ಟಿತು. ಬಳ್ಳಾರಿಯ ಹಲ್ಲಿನ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಬಾಯೊಳಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿದರು.

‘ಏನ್ ತಿಂತೀರಿ ಸರ್ ನೀವು?’

‘ಭತ್ತ.’

‘ಅಂದ್ರೆ, ಅನ್ನ ಏನ್ರಿ?’

‘ಅಲ್ಲ. ಭತ್ತ.’

ಮುಂದಿನ ನಾಲ್ಕು ಹಲ್ಲು ತೆಗೆದು, ಹಾಕಿ ತೆಗೆಯುವ ಪಟ್ಟಿ ಕಟ್ಟಿಕೊಟ್ಟರು. ಕನ್ನಡಿಯಲ್ಲಿ ಮದುವಣಿಗನಂತೆ ಕಂಡೆ. ಗೇಟಿಗೆ ಹೋಗಿ ಮೊದಲ ಕಾಳು ಕಚ್ಚಿದಾಗ ನಿಜ ತಿಳಿಯಿತು. ಕಾಳು ಮುರಿಯುವ ಮೊದಲೇ ಪಟ್ಟಿ ವಸಡಿನೊಳಗೆ ಕುಸಿಯುತ್ತಿತ್ತು. ಒಣಗಿದ್ದೂ ಹಸಿಯೆನಿಸುತ್ತಿತ್ತು, ಹಸಿಯೂ ಹಸಿಯೆನಿಸುತ್ತಿತ್ತು, ಕೊನೆಗೆ ಒಂದು ಕಲ್ಲಿನ ಹರಳು ಸಹ.

ಪ್ರತಿಜ್ಞೆ ನೆನಪಾಯಿತು. ಆದರೆ ಸುಗ್ಗಿಯ ನಡುವೆ ಬಿಟ್ಟು ಹೋಗುವುದು ಹೇಗೆ ಎಂದು ಒಂದು ನೆಪ, ಸಾಹುಕಾರರಿಗೆ ತೊಂದರೆ ಎಂದು ಇನ್ನೊಂದು. ನಿಜವೆಂದರೆ, ಗೇಟಿನ ಆ ಕುರ್ಚಿ ಬಿಟ್ಟರೆ ನಾನು ಯಾರು ಎಂಬುದು ನನಗೇ ಗೊತ್ತಿರಲಿಲ್ಲ. ಪ್ರತಿ ಲೋಡಿಗೂ, ಈರಮ್ಮ, ನೀನೂ ಒಂದು ಕಾಳು ನೋಡವ್ವ ಎನ್ನತೊಡಗಿದೆ. ನಾನೂ ಕಚ್ಚಿದಂತೆ ಮಾಡುತ್ತಿದ್ದೆ. ಆಕೆಯ ಹಲ್ಲಿನ ಸದ್ದು ಕೇಳಿ, ಗಂಟಲು ಸರಿಮಾಡಿಕೊಂಡು, ನನ್ನದೆಂಬಂತೆ ಹೇಳುತ್ತಿದ್ದೆ. ಮೂರು ತಿಂಗಳು ದಿನಾ ಏಕಾದಶಿಯಾಯಿತು.

ಹಚ್ಚೊಳ್ಳಿಯ ರೈತ ಮಲ್ಲಪ್ಪ ಎರಡು ಟ್ರಾಲಿ ಭತ್ತ ತಂದ ದಿನ ಸಾಹುಕಾರರು ಯಾರೋ ನೆಂಟರನ್ನು ಕರೆದುಕೊಂಡು ಬಂದು ಗೇಟಿನಲ್ಲಿ ನಿಂತಿದ್ದರು. ನಮ್ಮ ಆಚಾರ್ರಂಥ ಹಲ್ಲು ಜಿಲ್ಲೆಯಲ್ಲೇ ಇಲ್ಲ ಎಂದು ಹೊಗಳಿದರು. ಉಬ್ಬಿಹೋದೆ. ಕಾಳು ಕಚ್ಚಿದೆ, ಪಟ್ಟಿ ಕುಸಿಯಿತು. ಪಕ್ಕದಲ್ಲಿ ಈರಮ್ಮನ ಬಾಯಿಂದ ‘ಕಟಕ್’ ಎಂದು ಸ್ಪಷ್ಟವಾಗಿ ಕೇಳಿಸಿತು. ಜನರೆದುರು ಆಕೆಯ ಹಲ್ಲಿನಂತೆ ಹೇಳುವುದು ಅವಮಾನವೆನಿಸಿ, ಹಸಿ ಇದೆ, ಇನ್ನೆರಡು ದಿನ ಒಣಗಿಸಿ ತನ್ನಿ ಎಂದುಬಿಟ್ಟೆ. ಮಲ್ಲಪ್ಪ ಹಲ್ಲಿನ ಮೇಲಿನ ನಂಬಿಕೆಯಿಂದ ಮೀಟರ್ ಸಹ ಕೇಳಲಿಲ್ಲ. ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಈರಮ್ಮ ಕಸಬರಿಗೆ ತೆಗೆದುಕೊಂಡು ಗೇಟನ್ನು ಬೇಕಾದ್ದಕ್ಕಿಂತ ಜೋರಾಗಿ ಗುಡಿಸಿದಳು.

ಮರುದಿನ ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಹಚ್ಚೊಳ್ಳಿಗೆ ಹೋದೆ. ಮಲ್ಲಪ್ಪನ ಹೆಂಡತಿ ಅಂಗಳದ ತಾಡಪತ್ರಿಯ ಮೇಲೆ ಭತ್ತ ಹರವಿ, ಕಾಲಿನಿಂದ ಗೀರು ಎಳೆಯುತ್ತಿದ್ದಳು. ಮೀಟರ್ ಹಚ್ಚಿದೆ. ತೇವ ನೂರಕ್ಕೆ ಹದಿನಾಲ್ಕರೊಳಗೇ ಇತ್ತು.

‘ಬಳಕೊಳ್ರಿ, ಇನ್ನ ಒಣಗಿಸಿದ್ರ ನುಚ್ಚಾಗ್ತದ. ನಿನ್ನೆನೇ ಒಣಗಿತ್ತು. ತಪ್ಪು ನಂದು’ ಎಂದೆ.

ಮಲ್ಲಪ್ಪ ನನ್ನನ್ನೇ ನೋಡಿದ. ‘ನಿಮ್ಮ ಹಲ್ಲು ಸುಳ್ಳು ಹೇಳತಾವೇನ್ರಿ ಆಚಾರ್ರ?’

‘ಹಲ್ಲು ನಂದಲ್ಲಪ್ಪ’ ಎಂದು ಪಟ್ಟಿ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಮಲ್ಲಪ್ಪ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದ. ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಮಜ್ಜಿಗೆ ಕೊಟ್ಟರು, ನನ್ನ ಪಟ್ಟಿ ತೊಳೆಯಲು ಒಂದು ಚೊಂಬು ನೀರು ಸಹ.

ಮಿಲ್ಲಿಗೆ ಬಂದು ಈರಮ್ಮನನ್ನು ಕೇಳಿದೆ. ಕೇಳುವಾಗಲೇ ಆ ಮಾತು ಎಲ್ಲಿಂದ ಬಂದದ್ದೆಂದು ಗೊತ್ತಾಯಿತು. ‘ನಿನ್ನ ಹಲ್ಲಿಗೆ ತಿಳಿದಿರಲಿಲ್ಲೇನವ್ವ? ಯಾಕ ಸುಮ್ನಿದ್ದಿ?’

‘ನಾ ಎಲ್ಲಿ ಸುಮ್ನಿದ್ದೆ? ನಾ ಕಚ್ಚಿದ ಸಪ್ಪಳ ನಿಮಗ ಕೇಳಿತ್ತಲ್ರಿ.’

ವೀರಭದ್ರಪ್ಪನವರಿಗೆ ಕಿವಿ ಕೇಳುತ್ತಿರಲಿಲ್ಲ. ನನಗೆ ಆ ನೆಪವೂ ಇರಲಿಲ್ಲ.

ಹಲ್ಲು ಹೋಗಿವೆ, ಕೆಲಸ ಬಿಡುತ್ತೇನೆ ಎಂದು ವಾರದ ಮೇಲೆ ಸಾಹುಕಾರರಿಗೆ ಹೇಳಿದೆ. ಅವರು ತೆಲುಗು ಮನೆಮಾತಿನವರು, ಸಂಕಟವಾದಾಗ ಎರಡು ಭಾಷೆ ಬೆರೆಯುತ್ತವೆ. ‘ಏಮಂಡಿ ಆಚಾರ್ರು, ನಾಲ್ಕು ಹಲ್ಲು ಹೋದ್ರೆ ಮನುಷ್ಯನೇ ಹೋಗಬೇಕಾ? ಮೀಟರ್ ಇದೆ ಕದಾ’ ಎಂದರು. ಮೀಟರಿನ ಪಾಠ ಅವರಿಗೂ ಹೇಳಿದೆ. ಹಾಗಾದರೆ ನಿಮ್ಮ ಜಾಗಕ್ಕೆ ಯಾರು ಎಂದರು. ಈರಮ್ಮ ಎಂದೆ. ಕಸ ಹೊಡೆಯುವಾಕೆಯ ಮಾತನ್ನು ಗೇಟಿನಲ್ಲಿ ಯಾರು ಕೇಳುತ್ತಾರೆ ಎಂದರು.

‘ಮೂರು ತಿಂಗಳಿಂದ ನೀವು ಒಳಗ ಬಿಟ್ಟ ಭತ್ತ ಎಲ್ಲಾ ಆಕೀ ಮಾತು ಕೇಳಿ ಬಿಟ್ಟದ್ದು’ ಎಂದೆ. ‘ಒಂದು ಚೀಲಾ ಕಾವು ಹಿಡದಿಲ್ಲ. ನನ್ನ ಸ್ವಂತ ಮಾತು ನಡದದ್ದು ಹಚ್ಚೊಳ್ಳಿ ಲೋಡು ಒಂದೇ.’

ಇದನ್ನು ಹೇಳುವ ಮುಂಚೆ ಒಂದು ವಾರ ಹೆದರಿದ್ದೆ. ಹೇಳಿದ ಮೇಲೆ ಹೊಟ್ಟೆ ಹಗುರಾಯಿತು, ಮೊದಲ ವಾರದ ಭತ್ತ ಈಗ ಇಳಿದಂತೆ.

ಈರಮ್ಮನನ್ನು ಕರೆಸಿದರು. ಆಕೆ ಆಯಿತು ಎನ್ನಲು ಎರಡು ಷರತ್ತು ಹಾಕಿದಳು. ಕಸಕ್ಕೆ ಬೇರೆಯವರನ್ನು ನೋಡಬೇಕು, ಎರಡೂ ತನ್ನ ಕೈಲಾಗುವುದಿಲ್ಲ. ಮತ್ತು ಆಚಾರ್ರ ಕುರ್ಚಿ ತನಗೆ ಬೇಕು. ನಿಂತುಕೊಂಡು ಹೇಳಿದರೆ ಕಸದಾಕೆ ಎನ್ನುತ್ತಾರೆ, ಕೂತುಕೊಂಡು ಹೇಳಿದರೆ ಕೇಳುತ್ತಾರೆ. ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತ ನನಗೆ ಇದು ಹೊಳೆದಿರಲಿಲ್ಲ. ಜನ ನನ್ನ ಹಲ್ಲಿನ ಮಾತು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಕೊನೆಯ ದಿನಕ್ಕೆ ಏಕಾದಶಿಯನ್ನೇ ಆರಿಸಿದೆ. ಅವತ್ತು ಈರಮ್ಮ ಕಚ್ಚುವುದು ಯಾರಿಗೂ ಹೊಸದಲ್ಲ, ಗದ್ದಲವಿಲ್ಲದೆ ಬದಲಾಗಲಿ ಎಂದು. ಬಸ್ಸು ಪಂಕ್ಚರ್ ಆಗಲಿಲ್ಲ. ಈರಮ್ಮ ಹೊಸ ಸೀರೆ ಉಟ್ಟು ಬಂದು ಕುರ್ಚಿಯನ್ನು ಒರೆಸಿ ಕೂತಳು. ಟ್ರ್ಯಾಕ್ಟರಿನವರು ಜಗಳ ತೆಗೆಯಲಿಲ್ಲ. ಕೊಳಗಲ್ಲಿನ ವ್ಯಾಪಾರಿ ಮಾತ್ರ, ಆಚಾರ್ರ, ಇನ್ನ ದಿನಾ ಏಕಾದಶಿ ಅಂದಂಗಾತು, ನಾ ಹೆಂಗ ಬದುಕಲಿ ಎಂದು ನನ್ನ ಕೈ ಹಿಡಿದುಕೊಂಡ. ಸಾಹುಕಾರರು ಹಾರ ಹಾಕಿದರು, ಮಾತಾಡಿ ಎನ್ನಲಿಲ್ಲ. ಹಲ್ಲಿನ ಪಟ್ಟಿ ಇದ್ದಲ್ಲೇ ಇತ್ತು.

ಮಧ್ಯಾಹ್ನ ಹಚ್ಚೊಳ್ಳಿಯ ಮಲ್ಲಪ್ಪನ ಟ್ರಾಲಿ ಬಂತು. ನಾನು ಗೋಡೆಯ ಪಕ್ಕ ಒಂದು ಚೀಲದ ಮೇಲೆ, ಹಾರ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಈರಮ್ಮ ಎದ್ದು ನಡುವಿನ ಚೀಲ ಚುಚ್ಚಿಸಿ, ಕಾಳು ತೆಗೆದು, ರೂಢಿಯಂತೆ ನನ್ನ ಅಂಗೈಗೂ ನಾಲ್ಕು ಹಾಕಿ ಹೋದಳು. ಆಕೆ ಕಚ್ಚುವುದನ್ನು ನೋಡುತ್ತ ಕೂತೆ. ಬೆನ್ನು ನೆಟ್ಟಗೆ, ಕಣ್ಣು ಅರ್ಧ ಮುಚ್ಚಿ, ವೀರಭದ್ರಪ್ಪನವರು ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. ಅವರನ್ನು ಆಕೆ ನೋಡಿದವಳೇ ಅಲ್ಲ. ಇನ್ನು ಇಲ್ಲಿ ನನ್ನ ಅವಶ್ಯಕತೆ ಇಲ್ಲ ಎನ್ನಿಸಿತು, ಮತ್ತು ಆಶ್ಚರ್ಯವೆಂದರೆ, ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ. ಜೀವನದಲ್ಲಿ ಮೊದಲ ಸಲ ಯಾವ ಯೋಚನೆಯೂ ಇಲ್ಲದೆ ಕೂತಿದ್ದೆ.

‘ಆಚಾರ್ರ’ ಎಂದಳು ಈರಮ್ಮ. ‘ಇವತ್ತು ಏಕಾದಶಿ ಐತ್ರಿ.’

ಕೈ ನೋಡಿಕೊಂಡೆ. ನಾಲ್ಕರಲ್ಲಿ ಮೂರು ಕಾಳು ಉಳಿದಿದ್ದವು. ಮೂವತ್ತು ವರ್ಷ ದಿನವಿಡೀ ಕಚ್ಚಿದರೂ ಒಂದು ಏಕಾದಶಿಯನ್ನೂ ಕೆಡಿಸದವನು, ಕಚ್ಚುವ ಕೆಲಸವೇ ಇಲ್ಲದ ದಿನ ಕಚ್ಚಿದ್ದೆ. ಉಗುಳಲು ಮುಖ ತಿರುಗಿಸಿದೆ. ಎದುರಿಗೆ ಮಲ್ಲಪ್ಪ ನಿಂತಿದ್ದ, ಅವನದೇ ಭತ್ತ. ನುಂಗಿಬಿಟ್ಟೆ.

‘ಹೆಂಗಿತ್ರಿ ಕಾಳು?’ ಎಂದು ಆಕೆ ಕೇಳಿದಳು.

ಗೇಟಿನಲ್ಲಿ ಎಂದೂ ಆಡದ ಮಾತು ಸಲೀಸಾಗಿ ಬಂತು. ‘ಗೊತ್ತಾಗಲಿಲ್ಲವ್ವ.’

‘ಒಣಗೈತ್ರಿ’ ಎಂದಳು ಈರಮ್ಮ. ಕುರ್ಚಿಗೆ ಹೋಗಿ ಕೂತು, ಟ್ರಾಲಿ ಒಳಗೆ ಬಿಡಲು ಕೈ ಮಾಡಿದಳು.